ಖಾಲಿ ಚೀಟಿಯ ಮೇಲಿನ ಸಹಿ

ಓದುವ ಎಲ್ಲರಿಗೂ ವಿಜಯಪುರ ಜಿಲ್ಲೆಯ ಇಂಡಿಯಿಂದ ನಮಸ್ಕಾರ. ನಾನು ಅಕ್ಷರ ಕಲಿತದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಹತ್ತನೆಯ ಇಯತ್ತೆ ಪಾಸಾದದ್ದು ಮೂವತ್ತಮೂರರಲ್ಲಿ, ಅದೂ ಎರಡನೆಯ ಸಲಕ್ಕೆ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಾ ಬರೆಯುತ್ತಿದ್ದೇನೆ, ಇಷ್ಟಕ್ಕೇ ನಾಲ್ಕು ದಿನ ಹಿಡಿದಿದೆ. ಒತ್ತಕ್ಷರ, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಉಳಿದ ತಪ್ಪಿಗೆ ಮಾತ್ರ ಪೂರ್ತಿ ಓದುವ ತನಕ ಕ್ಷಮೆ ಕೊಡಬೇಡಿ.

ಕಳೆದ ತಿಂಗಳು ಬಸವನ ಬಾಗೇವಾಡಿಯಲ್ಲಿ ಒಬ್ಬರು ತೀರಿಕೊಂಡರು. ಮೋಟಾರು ವೈಂಡಿಂಗ್ ಮಾಡುವವರು. ಸುಟ್ಟುಹೋದ ಮೋಟಾರಿನ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತಿಕೊಡುವುದು ಅವರ ಕೆಲಸ. ಊರೆಲ್ಲ ಅವರಿಗೆ ಮಿಸ್ತ್ರಿ ಅನ್ನುತ್ತಿತ್ತು, ನಾನು ಕಾಕಾ ಅನ್ನುತ್ತಿದ್ದೆ. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಈಗಾಗಲೇ ಸಾಕಷ್ಟು ಕೆಟ್ಟಿದೆ. ಬೆನ್ನ ಹಿಂದೆ ಮಂದಿ ಅವರಿಗೆ ಅಲ್ಯೂಮಿನಿಯಂ ಮಿಸ್ತ್ರಿ ಎಂದು ಕರೆಯುತ್ತಿದ್ದರು. ತಾಮ್ರದ ತಂತಿಯ ರೊಕ್ಕ ತೆಗೆದುಕೊಂಡು ಒಳಗೆ ಅಗ್ಗದ ಅಲ್ಯೂಮಿನಿಯಂ ಸುತ್ತಿದವನು ಎಂದು ಅದರ ಅರ್ಥ. ಹನ್ನೊಂದು ವರ್ಷ ಆ ಹೆಸರು ಹೊತ್ತರು, ಹೊತ್ತುಕೊಂಡೇ ಮಣ್ಣಿಗೆ ಹೋದರು. ಆ ಹೆಸರು ಅವರದಲ್ಲ. ಅದನ್ನು ಅವರ ಮೇಲಿಂದ ಇಳಿಸುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮಣ್ಣಾದ ಮೂರನೆಯ ದಿನ ಅವರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಏಳೆಂಟು ಮಂದಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು. ಅದೇ ಓಣಿಯ ಕಿರಾಣಿ ಸಾವಕಾರರು ಮಾತು ಶುರು ಮಾಡಿದರು.

"ಮನಷಾ ಛಲೋ ಇದ್ದ ಬಿಡ್ರಿ. ಆದ್ರ ಏನ ಗಳಿಸಿದಾ ಹೇಳ್ರಿ? ನಲವತ್ತ ವರ್ಷ ದುಡದ್ರೂ ಮನಿ ಮ್ಯಾಲ ಸ್ಲ್ಯಾಬ್ ಬೀಳಲಿಲ್ಲ."

"ಗಳಿಸಾಕ ಹೋಗೇ ಅಲ್ಲೇನ್ರಿ ಒಮ್ಮೆ ತಂತಿ ಬದಲ ಮಾಡಿದ್ದು," ಅಂದರು ಇನ್ನೊಬ್ಬರು.

"ಸತ್ತವರ ಸುದ್ದಿ ಬ್ಯಾಡ ಬಿಡ್ರಿ ಈಗ," ಅಂದರು ಮತ್ತೊಬ್ಬರು.

"ಬಿಟ್ಟೇನಪಾ. ನಾ ಹೇಳೂದೇನಂದ್ರ, ಇಲ್ಲಿ ಕುಂತಾನ ನೋಡ್ರಿ ಇವನ್ನ." ಸಾವಕಾರರು ನನ್ನ ಕಡೆ ಕೈ ಮಾಡಿದರು. "ಅವನ ಕೈಯಾಗ ಕಲ್ತವ. ಇಂಡ್ಯಾಗ ಎರಡ ಅಂತಸ್ತಿನ ಮನಿ ಕಟ್ಯಾನ. ಕಾರ ತಗೊಂಡಾನ. ಒಂದ ಕಪ್ಪ ಚುಕ್ಕಿ ಇಲ್ಲ ಹೆಸರಿಗೆ. ನಿಯತ್ತ ಅಂದ್ರ ಇವಂದು."

ಎಲ್ಲರೂ ನನ್ನನ್ನು ನೋಡಿದರು. ನಾನು ಚಹಾ ಕುಡಿದೆ. ಕಪ್ಪು ಕೆಳಗಿಡುವಾಗ ಕೈ ನಡುಗಿತು ಎಂದು ಬರೆದರೆ ಚಂದ ಕಾಣುತ್ತದೆ. ಆದರೆ ನಡುಗಲಿಲ್ಲ. ಚಹಾದಲ್ಲಿ ಸಕ್ಕರೆ ಕಡಿಮೆ ಅನಿಸಿತು, ಅಷ್ಟೇ.

ಅವತ್ತಿನಿಂದ ನನಗೆ ಸಿಟ್ಟು ಇಳಿದಿಲ್ಲ. ಮೊದಲು ಸಾವಕಾರರ ಮೇಲೆ ಬಂತು. ಇನ್ನೂ ಮಣ್ಣು ಆರಿಲ್ಲ, ಆಗಲೇ ಏನು ಗಳಿಸಿದ ಅಂತ ಕೇಳುವುದಕ್ಕೆ ನಾಲಗೆ ಹೇಗೆ ಹೊರಳುತ್ತದೆ? ಸತ್ತವನ ಮನೆಯ ಛತ್ತು ನೋಡಿ ಅವನು ಬದುಕಿದ್ದು ಬರೋಬ್ಬರಿಯೋ ಅಲ್ಲವೋ ಎಂದು ಹೇಳುವ ಅಧಿಕಾರವನ್ನು ಇವರಿಗೆ ಯಾರು ಕೊಟ್ಟರು? ಆಮೇಲೆ ಕಾರಿನಲ್ಲಿ ಒಬ್ಬನೇ ಇಂಡಿಗೆ ವಾಪಸ್ಸು ಬರುವಾಗ ಆ ಸಿಟ್ಟು ತಿರುಗಿ ನನ್ನ ಮೇಲೇ ಬಂತು. ಸಾವಕಾರರಿಗಾದರೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಾನು ಸಿಂದಗಿ ತಾಲೂಕಿನ ಕನ್ನೊಳ್ಳಿಯವನು. ಸಾಲಿಗೆ ಹೋಗುವ ವಯಸ್ಸಿನಲ್ಲಿ ಕುರಿ ಕಾಯ್ದೆ, ಆಮೇಲೆ ಟೆಂಪೋದಲ್ಲಿ ಸಾಮಾನು ಏರಿಸಿ ಇಳಿಸುವ ಕೆಲಸ ಮಾಡಿದೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಒಂದು ದಿನ ಸುಟ್ಟ ಮೋಟಾರೊಂದನ್ನು ಹೆಗಲ ಮೇಲೆ ಹೊತ್ತು ಬಾಗೇವಾಡಿಯ ಅವರ ಅಂಗಡಿಯಲ್ಲಿ ಇಳಿಸಿದೆ. ಅಲ್ಲೇ ಕೆಲಸ ಇದೆಯಾ ಎಂದು ಕೇಳಿದೆ. ಅವರು ಮೋಟಾರಿನ ಮೇಲಿದ್ದ ತಗಡಿನ ಪಟ್ಟಿ ತೋರಿಸಿದರು.

"ಇದನ್ನ ಓದು."

"ಓದಾಕ ಬರಂಗಿಲ್ರಿ."

"ಮತ್ತ ಕರೆಂಟಿನ ಕೆಲಸಾ ಯಾಕ ಕೇಳ್ತಿ? ಓದಾಕ ಬರಲಾರದವನ ಕೈಯಾಗ ಕರೆಂಟ್ ಕೊಟ್ರ ನಿಮ್ಮವ್ವಗ ನಾ ಏನ ಉತ್ತರ ಕೊಡ್ಲಿ?"

ನಾನು ತಿರುಗಿ ಹೊರಟೆ. ಹಿಂದಿನಿಂದ ಕರೆದರು. "ಏ ತಮ್ಮಾ, ಎಲ್ಲಿ ಹೊಂಟಿ? ಬರಂಗಿಲ್ಲಂದ್ರ ಕಲೀಬೇಕು. ಚಪ್ಪಲ ಹೊರಗ ಬಿಟ್ಟ ಬಾ."

ಅವರು ಶಾಂತ ಸ್ವಭಾವದವರಲ್ಲ. ಸಿಟ್ಟು ಬಂದರೆ ಕೈಯಲ್ಲಿದ್ದದ್ದನ್ನು ಎದುರಿನ ಗೋಡೆಗೆ ಎಸೆಯುತ್ತಿದ್ದರು. ಮನುಷ್ಯರ ಕಡೆ ಎಂದೂ ಎಸೆದಿಲ್ಲ, ಯಾವಾಗಲೂ ಆ ಒಂದೇ ಗೋಡೆ. ಪಕ್ಕಡ, ಅಂದರೆ ಇಕ್ಕಳ, ಬಿದ್ದು ಬಿದ್ದು ಗಿಲಾವು ಉದುರಿ ಅಲ್ಲಿ ತಗ್ಗು ಬಿದ್ದಿತ್ತು. ಸ್ಕ್ರೂಡ್ರೈವರ್ ಎಸೆದರೆ ಸಣ್ಣ ತಪ್ಪು, ಪಕ್ಕಡ ಎಸೆದರೆ ದೊಡ್ಡದು, ಸುತ್ತಿಗೆ ಎಸೆದರೆ ನಾನು ಹೊರಗೆ ಹೋಗಿ ಚಹಾ ಹೇಳಿ ಬರಬೇಕು. ಎಸೆದದ್ದನ್ನು ತಾವೇ ಹೋಗಿ ಎತ್ತಿಕೊಂಡು, ಒರೆಸಿ, ಮತ್ತೆ ಕೆಲಸಕ್ಕೆ ಕೂಡುತ್ತಿದ್ದರು.

ಸುಟ್ಟ ಮೋಟಾರನ್ನು ಮೊದಲು ಮೂಗಿಗೆ ಹಿಡಿಯುತ್ತಿದ್ದರು. ವೋಲ್ಟೇಜ್ ಕಡಿಮೆಯಾಗಿ ಸುಟ್ಟದ್ದಕ್ಕೆ ಒಂದು ವಾಸನೆ, ನೀರು ಹೋಗಿ ಸುಟ್ಟದ್ದಕ್ಕೆ ಇನ್ನೊಂದು. ನನಗೆ ಇವತ್ತಿಗೂ ಆ ಮೂಗು ಬಂದಿಲ್ಲ. ಹೊಸದಾಗಿ ಸುತ್ತಿದ ಮೋಟಾರನ್ನು ಚಾಲೂ ಮಾಡಿ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಬೇರಿಂಗಿಗೂ ಇನ್ನೊಂದು ತುದಿ ಕಿವಿಗೂ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ಒಂದು ಚಹಾ ಆರುವಷ್ಟು ಹೊತ್ತು. ಆಗ ಗಿರಾಕಿ ಬಂದರೂ ಮಾತಿಲ್ಲ. ಮುಖದಲ್ಲಿ ಸಣ್ಣ ನಗು ಇರುತ್ತಿತ್ತು.

"ಅದರಾಗ ಏನ ಸುಖ ಐತಿ ಕಾಕಾ?" ಅಂದಿದ್ದೆ ಒಮ್ಮೆ.

"ನಾಳಿ ಇದು ಎಲ್ಲೋ ಒಂದ ಹೊಲದಾಗ ತಿರಗತೈತಿ. ತಿರಗೂ ತನಕಾ ಅಲ್ಲಿ ಯಾರೂ ನನ್ನ ನೆನಸಂಗಿಲ್ಲ. ಮೋಟಾರ ಬರೋಬ್ಬರಿ ಇದ್ರ ಮಿಸ್ತ್ರಿ ನೆನಪಾಗಂಗಿಲ್ಲ ನೋಡು. ಅದ ಸುಖ."

ಅವರನ್ನು ರೊಕ್ಕ ಬೇಡವೆನ್ನುವ ಸಂತ ಮಾಡಬೇಡಿ. ರೊಕ್ಕ ಅಂದರೆ ಅವರಿಗೆ ಪ್ರೀತಿಯೇ ಇತ್ತು. ಕೂಲಿಯಲ್ಲಿ ಹತ್ತು ರೂಪಾಯಿ ಬಿಡುತ್ತಿರಲಿಲ್ಲ, ಕಡಿಮೆ ಮಾಡು ಅಂದವರ ಮೋಟಾರನ್ನು ಹಾಗೇ ಹೊರಗಿಡುತ್ತಿದ್ದರು. ಸಂತೆಯ ದಿನ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ನನಗೂ ಕೊಟ್ಟು ತಾವೂ ತಿನ್ನುತ್ತಿದ್ದರು. ಕಾಕಿಗೆ, ಅಂದರೆ ಅವರ ಹೆಂಡತಿಗೆ, ದೀಪಾವಳಿಗೆ ಒಳ್ಳೆಯ ಇಳಕಲ್ ಸೀರೆಯೇ ಆಗಬೇಕು.

"ರೊಕ್ಕ ಬ್ಯಾಡ ಅನ್ನವರನ್ನ ನಂಬಬ್ಯಾಡ ತಮ್ಮಾ. ಅವ್ರು ಸುಳ್ಳ ಹೇಳ್ತಾರ. ರೊಕ್ಕ ಬೇಕು. ಆದ್ರ ಅದು ಕಿಸೇಕ ಬರೂ ಮುಂದ ಯಾರ ಕಡಿಂದ ಬಂತು, ಅವ್ರಿಗೆ ನಾ ಏನ ಕೊಟ್ಟೆ, ಇಷ್ಟ ಗೊತ್ತಿರಬೇಕು. ಮುಂದಿಂದು ನಿದ್ದಿ ನೋಡ್ಕೋತೈತಿ."

ಒಮ್ಮೆ ಒಬ್ಬ ಗೌಡರು ಟ್ರ್ಯಾಕ್ಟರಿನಲ್ಲಿ ಮೋಟಾರು ತಂದು, ಪೂರ್ತಿ ಬಿಚ್ಚಿ ಹೊಸದಾಗಿ ಸುತ್ತು ಅಂದರು. ಕಾಕಾ ನೋಡಿದರು. ಒಂದು ತಂತಿಯ ತುದಿ ಸಡಿಲಾಗಿತ್ತು, ಅಷ್ಟೇ. ಬಿಗಿದು ಮೂವತ್ತು ರೂಪಾಯಿ ಕೇಳಿದರು. ಗೌಡರು ನಕ್ಕರು.

"ಹಿಂಗ ಮಾಡಿದ್ರ ನೀ ಯಾವಾಗ ಉದ್ಧಾರ ಆಗಾಂವ ಮಿಸ್ತ್ರಿ?"

"ನಿಮ್ಮ ಮೋಟಾರ ಖರೇನ ಸುಟ್ಟಾಗ್ರಿ."

ಇನ್ನು ಚೀಟಿಯ ವಿಷಯ. ಈ ಪದ್ಧತಿಯನ್ನು ನಮ್ಮ ಸುತ್ತಿನ ನಾಲ್ಕು ತಾಲೂಕುಗಳಲ್ಲಿ ನಾನು ಬೇರೆ ಯಾವ ಅಂಗಡಿಯಲ್ಲೂ ನೋಡಿಲ್ಲ. ಮೋಟಾರಿನ ಮೇಲೆ ತಂತಿ ಕೂಡಿಸುವ ಒಂದು ಸಣ್ಣ ಡಬ್ಬಿ ಇರುತ್ತದೆ. ಕೆಲಸ ಮುಗಿದ ಮೇಲೆ ಕಾಕಾ ಅಂಗೈ ಅಗಲದ ಕಾಗದದ ಮೇಲೆ ನಾಲ್ಕು ಸಾಲು ಬರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಆ ಡಬ್ಬಿಯ ಮುಚ್ಚಳದ ಒಳಗೆ ಇಡುತ್ತಿದ್ದರು. ಮೋಟಾರು ಯಾರದು, ಯಾವ ದಿನ ಸುತ್ತಿದ್ದು, ಏನು ಕೆಟ್ಟಿತ್ತು, ಯಾವ ತಂತಿ ಹಾಕಿದ್ದು. ಕೆಳಗೆ ಅವರ ಸಹಿ. ಉಳಿದ ಮಿಸ್ತ್ರಿಗಳು ನಗುತ್ತಿದ್ದರು. ಆಗ ಅವರಿಗಿದ್ದ ಹೆಸರು ಚೀಟಿ ಮಿಸ್ತ್ರಿ ಎಂದು.

"ಯಾಕ ಇಡ್ತೀರಿ ಕಾಕಾ, ಯಾರ ಓದತಾರ?"

"ಮುಂದ ಯಾವನೋ ಬಿಚ್ಚತಾನಲ್ಲ, ಅವ ಓದತಾನ. ನಾವು ತಪ್ಪ ಮಾಡಿದ್ರ ಅವಗ ನಮ್ಮ ವಿಳಾಸ ಸಿಗಬೇಕು."

ಈ ಚೀಟಿಗಳೇ ನನ್ನ ಸಾಲಿ. ಮಧ್ಯಾಹ್ನ ಊಟವಾದ ಮೇಲೆ ಹಳೆಯ ಚೀಟಿಗಳನ್ನು ಎದುರಿಗಿಟ್ಟು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿಸಿದರು. ನಾನು ಮೊದಲು ಓದಿದ ಶಬ್ದ ‘ಬೇರಿಂಗ್’. ಒಂದು ವರ್ಷಕ್ಕೆ ಒಂದು ಪೂರ್ತಿ ಚೀಟಿ ನಾನೇ ಬರೆದೆ. ಕಾಕಾ ಅದನ್ನು ಹಿಡಿದುಕೊಂಡು ಎದುರಿನ ಚಹಾದ ಅಂಗಡಿಗೆ ಹೋಗಿ ಅಲ್ಲಿದ್ದವರಿಗೆಲ್ಲ ಜೋರಾಗಿ ಓದಿ ಹೇಳಿದರು. "ಕುರಿ ಕಾಯಾಂವ ಬರದದ್ದು ನೋಡ್ರಿ, ನಿಮ್ಮ ಹುಡುಗ್ರ ಅಕ್ಷರಕಿಂತ ದುಂಡಗ ಅದಾವು."

ಆ ಖುಷಿಯಲ್ಲಿ ಅವರು ತಮ್ಮ ಜೀವನದ ಒಂದು ತಪ್ಪು ಮಾಡಿದರು. ಕತ್ತರಿಸಿಟ್ಟ ಖಾಲಿ ಚೀಟಿಗಳ ಒಂದು ಕಟ್ಟು ತೆಗೆದುಕೊಂಡು, ಒಂದಾದ ಮೇಲೊಂದರ ಕೆಳಗೆ ಸಹಿ ಹಾಕಿ, ಪೂರ್ತಿ ಕಟ್ಟನ್ನು ನನ್ನ ಕೈಗೆ ಕೊಟ್ಟರು.

"ಇನ್ನ ಮ್ಯಾಲ ನೀನ ಬರಿ. ನನ್ನ ಕಣ್ಣ ಮಂಜ ಆಗ್ಯಾವು. ನೀ ಬರದದ್ದು ನಾ ಬರದಂಗ."

ಓದುಗರೇ, ಇದಕ್ಕಿಂತ ದೊಡ್ಡ ಸನ್ಮಾನ ನನಗೆ ಆ ಮೇಲೆ ಯಾವ ವೇದಿಕೆಯಲ್ಲೂ ಆಗಿಲ್ಲ. ಇದನ್ನು ನಾನು ಏನು ಮಾಡಿದೆ ಕೇಳಿ.

ಎರಡು ವರ್ಷದ ನಂತರ ಕಾಕಾ ಮಗಳ ಹೆರಿಗೆಗೆಂದು ಎಂಟು ದಿನ ಅವಳ ಊರಿಗೆ ಹೋದರು. ಅಂಗಡಿ ನನ್ನ ಕೈಯಲ್ಲಿತ್ತು. ಅದೇ ವಾರ ಮಸೂತಿಯಿಂದ ಒಂದು ಹಿಟ್ಟಿನ ಗಿರಣಿಯ ಮೋಟಾರು ಬಂತು. ಗಿರಣಿ ನಡೆಸುವವಳು ಒಬ್ಬ ಹೆಣ್ಣುಮಗಳು, ಗಂಡ ಇಲ್ಲ. ತಾನೇ ಟೆಂಪೋದಲ್ಲಿ ಮೋಟಾರಿನ ಪಕ್ಕ ಕೂತು ಬಂದಿದ್ದಳು. ಕೈ, ಹುಬ್ಬು, ಸೆರಗು ಎಲ್ಲ ಹಿಟ್ಟು. ತಾಮ್ರದ ತಂತಿಗೆ ಆಗುವ ಪೂರ್ತಿ ರೊಕ್ಕವನ್ನು ಮುಂಗಡವೇ ಕೊಟ್ಟಳು.

ನಾನು ಇಂಡಿಯಲ್ಲಿ ಒಂದು ಅಂಗಡಿ ಜಾಗ ನೋಡಿ ಇಟ್ಟಿದ್ದೆ. ಮುಂಗಡ ಕೊಡಬೇಕಿತ್ತು. ಹಸಿದಿದ್ದೆ ಎಂದು ಹೇಳಲಾರೆ, ಮನೆಯಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ. ಬೇಗ ದೊಡ್ಡವನಾಗಬೇಕಿತ್ತು, ಬೇರೆ ಕಾರಣ ಇಲ್ಲ. ವಿಜಯಪುರದಿಂದ ಅಲ್ಯೂಮಿನಿಯಂ ತಂತಿ ತಂದೆ. ಅದಕ್ಕೆ ಮೇಲೆ ತಾಮ್ರದ ಬಣ್ಣದ ಲೇಪ ಇರುತ್ತದೆ, ಬ್ಲೇಡಿನಿಂದ ಕೆರೆದರೆ ಮಾತ್ರ ಒಳಗಿನ ಬಿಳುಪು ಕಾಣುತ್ತದೆ. ಸುತ್ತಿದೆ. ಅದಕ್ಕೆ ಹಾಕಬೇಕಿದ್ದ ಅಂಗಡಿಯ ತಾಮ್ರದ ತಂತಿ ಮಾರಿ ರೊಕ್ಕ ಇಟ್ಟುಕೊಂಡೆ. ಸಹಿ ಇದ್ದ ಚೀಟಿಯ ಮೇಲೆ ದುಂಡನೆಯ ಅಕ್ಷರದಲ್ಲಿ ‘ತಾಮ್ರದ ತಂತಿ’ ಎಂದು ಬರೆದೆ. ಅಕ್ಷರ ಕಲಿತ ಮೇಲೆ ನಾನು ಬರೆದ ಮೊದಲ ಸುಳ್ಳು ಅದು. ಚೀಟಿ ಇಡದೆ ಬಿಡಬಹುದಿತ್ತು. ಆದರೆ ಚೀಟಿ ಇಲ್ಲದ ಮೋಟಾರು ನಮ್ಮ ಅಂಗಡಿಯಿಂದ ಹೋಗುವುದಿಲ್ಲ ಎಂದು ಗಿರಾಕಿಗಳಿಗೆಲ್ಲ ಗೊತ್ತಿತ್ತು.

ಒಂದೇ ಮೋಟಾರು. ಎರಡನೆಯದಕ್ಕೂ ತಂತಿ ತಂದಿಟ್ಟಿದ್ದೆ, ಅಷ್ಟರಲ್ಲಿ ಕಾಕಾ ವಾಪಸ್ಸು ಬಂದರು. ಹಾಗಾಗಿ ಒಂದೇ ಎಂಬುದು ನನ್ನ ದೊಡ್ಡತನ ಅಲ್ಲ.

ನಾಲ್ಕು ತಿಂಗಳಿಗೆ ಆ ಮೋಟಾರು ಸುಟ್ಟಿತು. ಹೊಸ ಜೋಳ ಬಂದು ಗಿರಣಿಗೆ ಸಾಲು ಹಚ್ಚುವ ಕಾಲ. ಅವಳ ತಮ್ಮ ಮುದ್ದೇಬಿಹಾಳದಲ್ಲಿದ್ದ, ಅವನು ಅದನ್ನು ಅಲ್ಲಿಯ ಒಂದು ವೈಂಡಿಂಗ್ ಅಂಗಡಿಗೆ ಒಯ್ದ. ಅಲ್ಲಿಯವನು ಬಿಚ್ಚಿ, ತಂತಿ ಕೆರೆದು, ಚೀಟಿ ಓದಿದ. ಸುಟ್ಟ ಅಲ್ಯೂಮಿನಿಯಂ ತಂತಿಯ ಸಿಂಬಿಯನ್ನೂ ಅದರ ಪಕ್ಕಕ್ಕೆ ನಮ್ಮ ಚೀಟಿಯನ್ನೂ ತನ್ನ ಅಂಗಡಿಯ ಮುಂದೆ ತೂಗುಹಾಕಿದ. ಸುದ್ದಿ ಬಾಗೇವಾಡಿಗೆ ಬರಲು ಎರಡು ದಿನ ಸಾಕಾಯಿತು.

ಕಾಕಾ ನನ್ನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಮುದ್ದೇಬಿಹಾಳಕ್ಕೆ ಹೋದರು. ದಾರಿಯುದ್ದಕ್ಕೂ ಬೈಯುತ್ತಿದ್ದರು, ಯಾವನೋ ನಮ್ಮ ಚೀಟಿಯನ್ನು ಬೇರೆ ಮೋಟಾರಿಗೆ ಇಟ್ಟು ಆಟ ಹೂಡಿದ್ದಾನೆ ಎಂದು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

"ಬರ್ರಿ ಬರ್ರಿ ಚೀಟಿ ಮಿಸ್ತ್ರಿ," ಅಂದ ಅಲ್ಲಿಯವನು. ಐದಾರು ಮಂದಿ ಸೇರಿದರು. "ನಾವು ಕಳ್ಳರು, ಚೀಟಿ ಇಡಂಗಿಲ್ಲ. ನೀವು ಸಾಚಾ ಮಂದಿ ಬರದ ಇಡ್ತೀರಿ. ಓದ್ರಿ ಒಂದಿಷ್ಟ, ನಮಗೂ ಕೇಳ್ಲಿ."

ಕಾಕಾ ಚೀಟಿ ಕೈಗೆ ತೆಗೆದುಕೊಂಡರು. ಕಣ್ಣಿಗೆ ಹತ್ತಿರ ಹಿಡಿದರು. ದುಂಡನೆಯ ಅಕ್ಷರ. ಆ ಅಕ್ಷರ ಕಲಿಸಿದವರಿಗೆ ಅದು ಯಾರದೆಂದು ತಿಳಿಯಲು ಎಷ್ಟು ಹೊತ್ತು ಬೇಕು? ನನ್ನ ಕಡೆ ತಿರುಗಿ ನೋಡಲಿಲ್ಲ. ಜೇಬಿನಿಂದ ಬ್ಲೇಡು ತೆಗೆದು ತಂತಿಯನ್ನು ತಾವೇ ಕೆರೆದು ನೋಡಿದರು. ಬಿಳಿ.

"ಸಹಿ ನಂದ ಐತಿ," ಅಂದರು.

"ಅಂದ್ರ ನೀವ ಸುತ್ತಿದ್ದು?"

"ಸಹಿ ನಂದ ಐತಿ ಅಂದೆ. ತಾಂಬ್ರ ಹಾಕಿ ಸುತ್ತು. ಅಕೀ ಕಡಿಂದ ಒಂದ ರೂಪಾಯಿ ತಗೋಬ್ಯಾಡ. ನಾ ಕೊಡತೇನಿ."

ಕೊಟ್ಟರು. ಸಾಲದ್ದಕ್ಕೆ ಕೈಗಡಿಯಾರ ಬಿಚ್ಚಿಟ್ಟು ಬಂದರು. ವಾಪಸ್ಸು ಬರುವ ಬಸ್ಸಿನಲ್ಲಿ ನಾನು "ಕಾಕಾ, ನಾ..." ಎಂದು ಶುರು ಮಾಡಿದೆ.

"ಬಾಯಿ ಮುಚ್ಚು. ಮಂದಿ ಅದಾರ."

ಅಂಗಡಿಗೆ ಬಂದೆವು. ಗೋಡೆಗೆ ಏನಾದರೂ ಎಸೆಯುತ್ತಾರೆ ಎಂದು ಕಾದೆ. ಎಸೆಯಲಿಲ್ಲ. ಆ ದಿನ ಸುತ್ತಿಗೆ ಎಸೆದಿದ್ದರೆ ನಾನು ಇವತ್ತು ಬೇರೆ ಮನುಷ್ಯನಾಗಿರುತ್ತಿದ್ದೆ ಅನಿಸುತ್ತದೆ. ಉಳಿದಿದ್ದ ಸಹಿಯ ಚೀಟಿಗಳನ್ನು ನನ್ನ ಕಡೆಯಿಂದ ತೆಗೆದುಕೊಂಡು ಒಂದು ಬಿಸ್ಕಿಟಿನ ಡಬ್ಬಿಯಲ್ಲಿ ಹಾಕಿ ಮುಚ್ಚಿದರು.

"ನಾ ಹೋಗಿ ಎಲ್ಲಾರ ಮುಂದ ಹೇಳ್ತೇನಿ ಕಾಕಾ, ನಾನ ಮಾಡಿದ್ದು ಅಂತ."

"ಈಗ ಹೇಳಿದ್ರ ಏನ ಅಂತಾರ ಗೊತ್ತೈತಿ? ಮಿಸ್ತ್ರಿ ಸಿಕ್ಕ ಬಿದ್ದಾನ, ಕೆಲಸದವನ ಮ್ಯಾಲ ಹಾಕ್ಯಾನ ಅಂತಾರ. ಖಾಲಿ ಚೀಟಿ ಮ್ಯಾಲ ಸಹಿ ಮಾಡಿದವ ನಾ. ಓದಲಾರದ ಸಹಿ ಮಾಡಿದ್ದು ನನ್ನ ತಪ್ಪು, ಅದನ್ನ ನಾ ನೋಡ್ಕೋತೇನಿ." ಡಬ್ಬಿಯನ್ನು ಮೇಲಿನ ಹಲಗೆಯ ಮೇಲಿಟ್ಟು ಮತ್ತೆ ಅಂದರು. "ನಿನ್ನ ತಪ್ಪ ಬ್ಯಾರೆ ಐತಿ. ಅದನ್ನ ನೀ ನೋಡ್ಕೋ."

ಆ ಕಡೆಯ ಮಾತಿನ ಅರ್ಥ ನನಗೆ ಆಗಲೇ ತಿಳಿದಿತ್ತು. ತಿಳಿಯದವನ ಹಾಗೆ ಹನ್ನೊಂದು ವರ್ಷ ಬದುಕಿದೆ.

ಕಾಕಾನ ಮೇಲೂ ನನಗೆ ಸಿಟ್ಟಿದೆ, ಇದನ್ನೂ ಬರೆಯುತ್ತೇನೆ. ಯಾಕೆ ಅಷ್ಟು ದೊಡ್ಡ ಮನಸ್ಸು ಮಾಡಬೇಕಿತ್ತು? ಕೆನ್ನೆಗೆ ಬಾರಿಸಿ ಮುದ್ದೇಬಿಹಾಳದ ಆ ಅಂಗಡಿಯ ಮುಂದೆ ನಿಲ್ಲಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ತಮ್ಮ ಪಾಲಿನ ತಪ್ಪನ್ನು ಚಂದವಾಗಿ ಹೊತ್ತುಕೊಂಡರು. ನನ್ನ ಪಾಲಿನದನ್ನು ನಂಬಿಕೆ ಇಟ್ಟು ನನ್ನ ಕೈಗೇ ಬಿಟ್ಟರು. ಒಮ್ಮೆ ಖಾಲಿ ಚೀಟಿ ಕೊಟ್ಟು ಕೆಟ್ಟವರು ಎರಡನೆಯ ಸಲವೂ ಅದನ್ನೇ ಮಾಡಿದರು.

ಅವರ ಗಿರಾಕಿಗಳು ಕಡಿಮೆಯಾದರು. ದೊಡ್ಡ ಮೋಟಾರುಗಳು ಬರುವುದು ನಿಂತು ಫ್ಯಾನು, ಮಿಕ್ಸರು ಉಳಿದವು. ಆ ಸಣ್ಣ ಮಿಕ್ಸರುಗಳ ತಳದಲ್ಲೂ ಚೀಟಿ ಇಡುತ್ತಿದ್ದರು, ಮಂಜುಗಣ್ಣಿನಿಂದ ತಾವೇ ಬರೆದು. ನಾನು ಒಂದು ವರ್ಷಕ್ಕೆ ಅಲ್ಲಿಂದ ಬಿಟ್ಟು ಇಂಡಿಗೆ ಬಂದೆ. ನಿಂಬೆ ತೋಟ, ದ್ರಾಕ್ಷಿ ತೋಟದ ಮೋಟಾರುಗಳು ನನ್ನ ಕೈ ಹಿಡಿದವು. ಅಲ್ಯೂಮಿನಿಯಂ ಮತ್ತೆ ಮುಟ್ಟಲಿಲ್ಲ. ಆದರೆ ಇಲ್ಲಿಯ ಹತ್ತು ವರ್ಷದಲ್ಲಿ ಒಂದು ಮೋಟಾರಿನಲ್ಲೂ ಚೀಟಿ ಇಡಲಿಲ್ಲ. ಯಾಕೆಂದು ಗಿರಾಕಿಗಳು ಯಾರೂ ಕೇಳಲಿಲ್ಲ. ಕೇಳುವವರು ಒಬ್ಬರೇ ಇದ್ದರು, ಅವರ ಅಂಗಡಿಯ ಕಡೆ ನಾನು ಹೋಗುವುದನ್ನೇ ಬಿಟ್ಟಿದ್ದೆ.

ಹೋದ ವರ್ಷ ಇಲ್ಲಿಯ ಒಂದು ಯುವಕ ಮಂಡಳದವರು ನನ್ನನ್ನು ಭಾಷಣಕ್ಕೆ ಕರೆದರು. ವಿಷಯ ‘ಹಣ ಮತ್ತು ನೆಮ್ಮದಿ’. ಕುರಿ ಕಾಯ್ದವನು ದೊಡ್ಡವನಾದ ಕತೆ ಬೇಕಿತ್ತು ಅವರಿಗೆ. ಇಪ್ಪತ್ತು ನಿಮಿಷ ಮಾತಾಡಿದೆ. ಪ್ರಾಮಾಣಿಕತೆಯೇ ನನ್ನ ಬಂಡವಾಳ ಎಂದೆ. ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ಕಲಿಸಿದವರ ಬಗ್ಗೆ ಎರಡು ಮಾತು ಹೇಳಿ ಎಂದಾಗ ‘ಬಡತನವೇ ನನ್ನ ಗುರು’ ಅಂದೆ. ಆ ವಿಡಿಯೋ ಇನ್ನೂ ಮೊಬೈಲುಗಳಲ್ಲಿ ತಿರುಗಾಡುತ್ತಿದೆ. ನಿಮ್ಮಲ್ಲಿ ಯಾರಾದರೂ ನೋಡಿದ್ದರೆ ಅಳಿಸಿಬಿಡಿ. ಇಂಥ ಮಾತು ಕೇಳಿ ನಮ್ಮ ಹುಡುಗರು ಬದುಕು ಕಲಿಯಬಾರದು.

ಮೂರನೆಯ ದಿನದ ಚಹಾ ಕುಡಿದು ಏಳುವಾಗ ಕಾಕಿ ಒಳಗೆ ಕರೆದು ಆ ಬಿಸ್ಕಿಟಿನ ಡಬ್ಬಿ ಕೊಟ್ಟರು.

"ಇದನ್ನ ನಿನಗ ಕೊಡು ಅಂದಿದ್ರು. ಒಳಗ ಏನೈತಿ ನಂಗ ಗೊತ್ತಿಲ್ಲಪಾ. ಮುಚ್ಚಿದ್ದ ಮುಚ್ಚಿದಂಗ ಇತ್ತು."

ಮನೆಗೆ ಬಂದು ತೆಗೆದೆ. ಚೀಟಿಗಳು ಹಳದಿಯಾಗಿದ್ದವು, ಸಹಿ ಹಾಗೇ ಇತ್ತು. ಒಂದು ಚೀಟಿ ತೆಗೆದುಕೊಂಡು ಬರೆಯಲು ಕೂತೆ. ‘ಮಸೂತಿಯ ಗಿರಣಿಯ ಮೋಟಾರಿಗೆ ಅಲ್ಯೂಮಿನಿಯಂ ಸುತ್ತಿದವನು ನಾನು’ ಎಂದು ಬರೆದು ನೋಡಿದರೆ, ಕೆಳಗೆ ಮತ್ತೆ ಅವರದೇ ಸಹಿ. ನಾನು ತಪ್ಪು ಒಪ್ಪಿಕೊಳ್ಳುವುದಕ್ಕೂ ಅವರ ಸಹಿಯ ಮೇಲೇ ಕೂಡುತ್ತಿದ್ದೆ. ಆ ಚೀಟಿ ಹರಿದೆ. ನನ್ನ ಅಂಗಡಿಯ ಬಿಲ್ ಪುಸ್ತಕದ ಒಂದು ಹಾಳೆ ಕಿತ್ತು ಅದರ ಹಿಂದೆ ಮತ್ತೆ ಬರೆದೆ. ಈ ಸಲ ಕೆಳಗೆ ನನ್ನ ಪೂರ್ತಿ ಹೆಸರು, ಊರು, ಅಂಗಡಿ.

ಮರುದಿನ ಮಸೂತಿಗೆ ಹೋದೆ. ಗಿರಣಿ ನಡೆಯುತ್ತಿತ್ತು. ಅವಳ ಕೂದಲು ಬೆಳ್ಳಗಾಗಿದ್ದು ಹಿಟ್ಟಿಗೋ ವಯಸ್ಸಿಗೋ ತಿಳಿಯಲಿಲ್ಲ. ಐದಾರು ಹೆಂಗಸರು ಡಬ್ಬಿ, ಪುಟ್ಟಿ ಇಟ್ಟುಕೊಂಡು ಕೂತಿದ್ದರು. ಅವಳು ನನ್ನನ್ನು ಗುರುತು ಹಿಡಿಯಲಿಲ್ಲ. ಮೋಟಾರು ನೋಡಬೇಕಿತ್ತು ಅಕ್ಕಾರ ಎಂದೆ, ಆಮೇಲೆ ನಾನು ಯಾರು, ಅವತ್ತು ಏನು ಮಾಡಿದೆ ಎಂಬುದನ್ನು ನಿಂತಲ್ಲೇ ಹೇಳಿದೆ. ಈ ಚೀಟಿಯನ್ನು ಮೋಟಾರಿನ ಡಬ್ಬಿಯೊಳಗೆ ಇಟ್ಟು ಹೋಗುತ್ತೇನೆ ಎಂದೆ.

ಅವಳು ಗಿರಣಿ ಬಂದ್ ಮಾಡಿದಳು. ಗಿರಣಿಯ ಬೆಲ್ಟು ತಿರುಗುತ್ತಾ ತಿರುಗುತ್ತಾ ನಿಂತಿತು.

"ಮೋಟಾರ ಸುಟ್ಟ ಆ ಇಪ್ಪತ್ತ ದಿವಸ ಏನಾತು ಗೊತ್ತೈತೇನು ನಿಂಗ? ಇಲ್ಲಿ ಬರೂ ಮಂದಿ ಎಲ್ಲಾ ಕೆಳಗಿನ ಓಣಿ ಗಿರಣಿಗೆ ಹ್ವಾದ್ರು. ಅರ್ಧಾ ಮಂದಿ ತಿರುಗಿ ಬರಲೇ ಇಲ್ಲ. ಎರಡ ವರ್ಷ ಗಿರಣಿ ಇಟ್ಟಕೊಂಡೂ ನಾ ಕಸಾ ತಗ್ಯಾಕ ಕೂಲಿ ಹೋಗೇನಿ."

ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಆ ಮಿಸ್ತ್ರಿ ಆ ವರ್ಷ ತಿಂಗಳಿಗೊಮ್ಮೆ ಬಸ್ ಹತ್ತಿ ಬರತಿದ್ದ. 'ಬಿಸಿ ಆಗೇತೇನ್ರಿ' ಅಂತ ಮೋಟಾರಿನ ಮ್ಯಾಲ ಕೈ ಇಟ್ಟ ನೋಡ್ತಿದ್ದ. ಒಂದ ತಂಬಗಿ ನೀರ ಸೈತ ನಾ ಕೊಡಲಿಲ್ಲ ಅವಗ. ಕಳ್ಳ ಅಂದೇನಿ, ಮಾರಿ ಮುಂದ. ಸುಮ್ಮ ಕೇಳ್ಕೊಂಡ ಹ್ವಾದ. ಇಲ್ಲಿ ಹಿಟ್ಟ ಹಾಕ್ಸಾಕ ಬಂದವರಿಗೆಲ್ಲಾ ಹೇಳೇನಿ, ಬಾಗೇವಾಡಿ ಮಿಸ್ತ್ರಿ ಹಿಂಗ ಅಂತ. ಆ ಹೆಸರ ಇಟ್ಟಾಕಿ ನಾನ."

ಅವಳ ಕಣ್ಣು ಒಣಗಿದ್ದವು. ಸಿಟ್ಟು ಮಾತ್ರ ಇತ್ತು. ಆ ಸಿಟ್ಟಿನಲ್ಲಿ ಎಷ್ಟು ನನ್ನ ಮೇಲೆ, ಎಷ್ಟು ತನ್ನ ಮೇಲೆ ಎಂದು ನಾನು ಕೇಳಲಿಲ್ಲ.

ಸ್ಕ್ರೂಡ್ರೈವರ್ ತೆಗೆದು ಮೋಟಾರಿನ ಕಡೆ ಬಗ್ಗಿದೆ.

"ಅಲ್ಲೆ ಏನ ಮಾಡ್ತಿ? ಒಳಗ ಇಟ್ರ ಯಾರ ಓದತಾರ? ನಾ ಬೈದಿದ್ದು ಹೊರಗ ಐತಿ. ನೀನೂ ಹೊರಗ ಹಚ್ಚು."

ಒಂದು ಹಿಡಿ ಗೋಧಿ ಹಿಟ್ಟಿಗೆ ನೀರು ಹಾಕಿ ಅಂಟು ಕಲಸಿಕೊಟ್ಟಳು. ಹೆಂಗಸರು ಕೂಡುವ ಕಟ್ಟೆಯ ಎದುರಿನ ಗೋಡೆಗೆ ಚೀಟಿ ಹಚ್ಚಿದೆ. ಕೂತವರಲ್ಲಿ ಒಬ್ಬ ಮುದುಕಿ ಕೇಳಿದಳು.

"ಏನ ಬರದೈತೋ ಯಪ್ಪಾ ಅದರಾಗ? ನಮಗ ಓದಾಕ ಬರಂಗಿಲ್ಲ."

"ಓದು," ಅಂದಳು ಗಿರಣಿಯವಳು ನನಗೆ. "ಜೋರ ಓದು. ಇವತ್ತ ಎಷ್ಟ ಮಂದಿ ಬರತಾರೋ ಅಷ್ಟ ಸಲ ಓದು. ಆಮ್ಯಾಲ ನಿನ್ನ ಊರಾಗೂ ಓದು, ಬಾಗೇವಾಡ್ಯಾಗೂ ಓದು."

ಓದಿದೆ. ಸಂಜೆಯ ತನಕ ಅಲ್ಲೇ ಇದ್ದು, ಬಂದ ಪ್ರತಿಯೊಂದು ಪುಟ್ಟಿಯ ಮುಂದೆ ಓದಿದೆ. ಮರುದಿನ ಬಾಗೇವಾಡಿಗೆ ಹೋಗಿ ಕಿರಾಣಿ ಸಾವಕಾರರ ಅಂಗಡಿಯ ಮುಂದೆ ಓದಿದೆ. "ಈಗ ಯಾಕೋ ಮಾರಾಯಾ, ಸತ್ತ ಹ್ವಾದನಲ್ಲ ಅವ," ಅಂದರು ಸಾವಕಾರರು. ಎರಡನೆಯ ಸಲ ಓದಿದೆ. ಮುದ್ದೇಬಿಹಾಳದ ಆ ಅಂಗಡಿ ಮುಚ್ಚಿದೆ, ಆದರೂ ಅದರ ಕದಕ್ಕೆ ಒಂದು ಪ್ರತಿ ಹಚ್ಚಿ ಬಂದಿದ್ದೇನೆ. ಈಗ ನಿಮ್ಮ ಮುಂದೆ ಓದುತ್ತಿದ್ದೇನೆ. ಈ ಬರಹ ಅದೇ ಚೀಟಿ, ನನ್ನ ಹೆಸರಿನಲ್ಲೇ ಹಾಕಿದ್ದೇನೆ, ಸ್ವಲ್ಪ ಉದ್ದ ಆಗಿದೆ.

ನಿಮ್ಮ ಊರಿನಲ್ಲೂ ಇನ್ನೊಬ್ಬರ ತಪ್ಪಿನ ಹೆಸರು ಹೊತ್ತು ತಿರುಗುವ ಇಂಥವರು ಇದ್ದರೆ ಕೆಳಗೆ ಬರೆಯಿರಿ, ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ. ಅವರ ಹೆಸರು ಬೇಡ. ಆ ತಪ್ಪು ನಿಮ್ಮದೇ ಆಗಿದ್ದರೆ ನಿಮ್ಮ ಹೆಸರು ಬರೆಯಿರಿ, ಅವರು ಇನ್ನೂ ಚಹಾ ಕುಡಿಯುತ್ತಾ ಕೂತಿರುವಾಗಲೇ ಬರೆಯಿರಿ. ನಾನು ಬರೆದದ್ದನ್ನು ಓದಿ ನನ್ನ ಅಕ್ಷರ ದುಂಡಗಿವೆ ಎಂದು ಓಣಿಗೆಲ್ಲ ಹೇಳುವವರು ಈಗ ಇಲ್ಲ.